ಯುವ ಉದ್ಯಮಿ ಏಣಿ ಹತ್ತಿದ್ದು

ಬೆಳಗಾಗುವಷ್ಟರಲ್ಲಿ ತೆಕ್ಕಟ್ಟೆ ಬಸ್‌ಸ್ಟಾಂಡಿನ ಎದುರು ಅಶೋಕನ ಮುಖ ಆಳೆತ್ತರಕ್ಕೆ ಎದ್ದು ನಿಂತಿತ್ತು. ಕಣ್ಣಿಗೆ ಕೂಲಿಂಗ್ ಗ್ಲಾಸು, ಕೈಯಲ್ಲಿ ಅವನದ್ದಲ್ಲದ ಮೊಬೈಲು, ಹಿಂದೆ ಅವನದ್ದಲ್ಲದ ಕಾರು. ಕೆಳಗೆ ಕೆಂಪಕ್ಷರದಲ್ಲಿ, 'ಯುವ ಉದ್ಯಮಿ, ಕೊಡುಗೈ ದಾನಿ ಅಶೋಕಣ್ಣನಿಗೆ ಹುಟ್ಟುಹಬ್ಬದ ಶುಭಾಶಯಗಳು.'

ಐಸ್ ಪ್ಲಾಂಟು ಮುಚ್ಚಿ ಕೆಲಸ ಹೋದ ಮೇಲೆ ಅಶೋಕನ ಉದ್ಯಮವೆಂದರೆ ಜಗಲಿಯಲ್ಲಿ ಕೂರುವುದು. ದಾನವೆಂದರೆ ಕಂಡಕಂಡವರಿಗೆ ತನ್ನ ಬಯೋಡಾಟಾ ಕೊಡುವುದು. ಕೆಲಸ ಕಳೆದುಕೊಂಡವರಿಗೆ ಸಿಗುವ ಭತ್ಯೆಗೆ ಅರ್ಜಿ ಹಾಕಿದ್ದ. ಅದು ಸಿಕ್ಕಿದರೆ ಮಗಳ ಶಾಲೆಯ ವ್ಯಾನು ಮನೆ ಬಾಗಿಲಿಗೆ ಬರುತ್ತದೆ. ಸಿಗದಿದ್ದರೆ ಮಾವನ ಎದುರು ಕೈ ಚಾಚಬೇಕು. ಆ ಮಾವನ ಬಾಯಿಯ ವರ್ಣನೆ ಇಲ್ಲಿ ಬೇಡ, ಮಕ್ಕಳೂ ಓದುತ್ತಾರೆ.

ಇವನಿಗೆ ಕೆಲಸವಿಲ್ಲ ಎಂಬುದನ್ನು ಕಣ್ಣಾರೆ ಕಂಡು ಬರೆದುಕೊಂಡು ಹೋಗಲು ಕಚೇರಿಯ ಸಾಹೇಬರೊಬ್ಬರು ಇವತ್ತೇ ಬರುವವರಿದ್ದರು. ಇದ್ದದ್ದನ್ನು ತೋರಿಸಬಹುದು, ಇಲ್ಲದ್ದನ್ನು ಹೇಗಪ್ಪಾ ತೋರಿಸುವುದು ಎಂದು ಅಶೋಕ ಮೊದಲೇ ತಲೆ ಕೆಡಿಸಿಕೊಂಡಿದ್ದ. ಈಗ ಈ ಫ್ಲೆಕ್ಸು ಬೇರೆ. ಅದನ್ನು ಕಟ್ಟಿಸಿದ ಕ್ರಿಕೆಟ್ ಟೀಮಿನ ಕ್ಯಾಪ್ಟನ್ ಪದ್ದುವಿಗೆ ಫೋನು ಹಚ್ಚಿದ.

"ಹ್ವಾಯ್ ಪದ್ದು, ನಂಗೆ ಕೆಲ್ಸ ಇಲ್ಲೆ ಅಂದೇಳಿ ಗೊತ್ತಿದ್ದೂ ಯುವ ಉದ್ಯಮಿ ಅಂದೇಳಿ ಎಂತಕ್ ಬರ್ಸದ್ಯಾ?"

"ಕೆಲ್ಸ ಇಲ್ಲೆ ಅಂದೇಳೇ ಹಾಂಗ್ ಬರ್ಸದ್ ಮಾರಾಯಾ. ಮತ್ತೆ ನಿರುದ್ಯೋಗಿ ಅಂದೇಳಿ ಬರ್ಸುಕಾತ್ತಾ? ಟೀಮಿನ ಮರ್ಯಾದಿ ಪ್ರಶ್ನೆ!"

"ಈಗ್ಳೇ ಬಂದ್ ತೆಗಿ."

"ನಾನ್ ಬೈಂದೂರಲ್ಲಿದ್ದೆ. ಬಪ್ಪುಕೆ ಸಂಜಿ ಆತ್ತ್. ಫೋಟೊ ಲಾಯ್ಕ್ ಬಂದಿತ್ತ್ ಅಲ್ದಾ?"

ಅಶೋಕ ಫೋನು ಕುಕ್ಕಿ, ಏಣಿ ಕೇಳಲು ಪಕ್ಕದ ಮನೆಯ ವನಜಕ್ಕನಲ್ಲಿಗೆ ಓಡಿದ. ವನಜಕ್ಕ ಏಣಿ ಇಲ್ಲವೆನ್ನುವ ಹೆಂಗಸಲ್ಲ. ಪುಕ್ಕಟೆ ಕೊಡುವ ಹೆಂಗಸೂ ಅಲ್ಲ.

"ಕೊಡ್ತೆ ಮಗಾ, ಎಂತಕ್ ಕೊಡುದಿಲ್ಲೆ? ಅದ್ಕ್ ಮುಂಚೆ ಮಾಡಿನ್ ಹಂಚ್ ಒಂಚೂರ್ ಜಾರಿತ್ತ್, ಸಮ ಮಾಡ್. ನೀ ಹ್ಯಾಂಗೂ ಖಾಲಿ ಇದ್ದೆ ಅಲ್ದಾ?"

ಹಂಚು ಸರಿಮಾಡಿದ. ಇಳಿಯುವಾಗ ನುಗ್ಗೆಕಾಯಿಯನ್ನೂ ಕೊಯ್ಯಿಸಿದಳು. ಅಂತೂ ಏಣಿ ಹೆಗಲಿಗೇರಿಸಿಕೊಂಡು ಹೈವೇಗೆ ಬಂದಾಗ ಬೆವರು ಕಿತ್ತುಕೊಂಡು ಬರುತ್ತಿತ್ತು. ಕಂಬಕ್ಕೆ ಏಣಿ ಆನಿಸಿ, ತನ್ನದೇ ಹಲ್ಲುಕಿರಿದ ಮುಖದೆದುರು ನಿಂತು ತಂತಿ ಬಿಚ್ಚತೊಡಗಿದ. ಎದುರಿನ ಬಚ್ಚಣ್ಣನ ಹೋಟೆಲಿನಲ್ಲಿ ಗೋಳಿಬಜೆ ತಿನ್ನುತ್ತಿದ್ದವರೆಲ್ಲ ತಟ್ಟೆ ಸಮೇತ ಹೊರಗೆ ಬಂದು ನೋಡಿದರು. ನಮ್ಮೂರಲ್ಲಿ ಒಬ್ಬ ಏಣಿ ಹತ್ತಿದರೆ ಹತ್ತು ಜನ ಕತ್ತೆತ್ತುವುದು ವಾಡಿಕೆ.

"ಹ್ವಾಯ್ ಅಶೋಕಾ, ಹ್ಯಾಂಗೂ ಏಣಿ ಹತ್ತಿದ್ದೆ, ನಮ್ ಬೋರ್ಡ್ ಓರೆ ಆಯಿತ್ತ್ ಕಾಣ್. ಒಂದ್ ಕಟ್ಟ್ ಹಾಕಿಕೊಡ್" ಎಂದ ಬಚ್ಚಣ್ಣ.

"ಇವತ್ತ್ ಬ್ಯಾಡ ಬಚ್ಚಣ್ಣ, ನಂಗೆ ತುರ್ತಿತ್ತ್."

"ಕೆಲ್ಸ ಇಲ್ದಿದ್ದವ್ನಿಗೆ ಎಂತದಾ ತುರ್ತ್?"

ಅಶೋಕ ಕೆಲಸ ಕೇಳಿಕೊಂಡು ಹೋದಾಗಲೆಲ್ಲ 'ಬಪ್ಪ ವಾರ ಕಾಂಬ' ಎಂದು ಚಾ ಕೂಡ ಕೊಡದೆ ಕಳಿಸಿದವನು ಇದೇ ಬಚ್ಚಣ್ಣ. ಕೆಲಸ ಬೇಡವೆಂದ ದಿನ ಬೆನ್ನು ಹತ್ತಿದ್ದಾನೆ! ಬೋರ್ಡು ಕಟ್ಟಿದ್ದಾಯಿತು. ಅದನ್ನು ನೋಡಿ ಹೂವು ಮಾರುವ ಬಾಗಿ ಕರೆದಳು. ಅವಳ ಟರ್ಪಾಲೂ ಬಿಗಿಯಾಯಿತು. ಹೊರಡುವಾಗ ಬಚ್ಚಣ್ಣ ಓಡಿಬಂದು ಅಂಗಿಯ ಕಿಸೆಗೆ ನೋಟು ತುರುಕಿದ.

"ಬ್ಯಾಡ ಬಚ್ಚಣ್ಣ, ನಿನ್ನ ದಮ್ಮಯ್ಯ!"

"ಇಟ್ಕೊ. ಪುಕ್ಸಟೆ ಕೆಲ್ಸ ಮಾಡ್ಸಿ ನಂಗೆ ಅಭ್ಯಾಸ ಇಲ್ಲೆ."

ಈ ಮಾತಿಗೆ ಅವನ ಸ್ವಂತ ಸಪ್ಲೈಯರೇ ಕೆಮ್ಮಿದ.

ಸುರುಳಿ ಸುತ್ತಿದ ಫ್ಲೆಕ್ಸನ್ನು ಬಚ್ಚಲಿನ ಹಿಂದೆ ಅಡಗಿಸಿ, ಅಶೋಕ ಹರಕು ಬನಿಯನ್ನು ತೊಟ್ಟು, ತಲೆಗೂದಲು ಕೆದರಿಕೊಂಡು ಜಗಲಿಯಲ್ಲಿ ಅಡ್ಡಬಿದ್ದ.

ಹೆಂಡತಿ ಶ್ರೀಲತಾ ಇಣುಕಿ, "ಎಂತ ನಾಟ್ಕ ಮಾಡ್ತ್ರಿ? ದಿನಾ ಇಪ್ಪಂಗೇ ಇರಿ, ಸಾಕ್" ಎಂದಳು.

ಅಷ್ಟರಲ್ಲಿ ಸಾಹೇಬರು ಬಂದರು. ನರೆತ ಮೀಸೆ, ಬಗಲಲ್ಲಿ ಚೀಲ. ಕುರ್ಚಿಯಲ್ಲಿ ಕೂತು ಗಾಳಿ ಹಾಕಿಕೊಳ್ಳುತ್ತಾ, "ಅಶೋಕ ಅಂದ್ರೆ ನೀವೇಯಾ? ಬಸ್ಸಿಳಿದದ್ದೇ ನಿಮ್ ಫ್ಲೆಕ್ಸ್ ಕಂಡೆ" ಎಂದರು.

ಅಶೋಕ ಧಡಕ್ಕನೆ ಎದ್ದು ಕೂತ. "ಸರ್, ಅದ್ ಸುಳ್ಳ್ ಸರ್! ನಾನ್ ಉದ್ಯಮಿ ಅಲ್ಲ! ನನ್ ಮಗ್ಳಾಣೆ!"

"ಅದ್ ನಂಗೊತ್ತಿಲ್ದಾ ಮಾರಾಯ್ರೆ? ನಾನೂ ಇಲ್ಲೇ ಪಕ್ಕದ ಸಾಲಿಗ್ರಾಮದವ್ನೇ. ನಮ್ ಬದಿಯಲ್ಲ್ ಕೆಲ್ಸ ಇದ್ದವ್ರಿಗೆ ಯಾರಾರೂ ಯುವ ಉದ್ಯಮಿ ಅಂದೇಳಿ ಬರ್ಸ್ತ್ರಾ? ಡಿಗ್ರಿ ಮುಗ್ದಲ್ಲಿಂದ ನಮ್ಮನಿ ಮಗನೂ ಯುವ ಉದ್ಯಮಿಯೇ. ಅದನ್ನ್ ಕಂಡದ್ದೇ, ಇವ್ರಿಗೆ ಕೆಲ್ಸ ಇಲ್ಲೆ ಅಂದೇಳಿ ಹೋಟ್ಲಲ್ಲೇ ಕೂತ್ಕಂಡ್ ಬರ್ದ್ ಮುಗ್ಸಿದ್ದೆ."

ಅಶೋಕನಿಗೆ ಸಾಹೇಬರ ಕಾಲಿಗೆ ಬೀಳೋಣವೆನಿಸಿತು. ಶ್ರೀಲತಾ ಖುಷಿಯಿಂದ ಚಾಕ್ಕೆ ನೀರಿಡಲು ಒಳಗೆ ಓಡಿದಳು.

"ದಾಖಲೆಗೆ ಫ್ಲೆಕ್ಸಿಂದ್ ಒಂದ್ ಫೋಟೊ ಹಿಡಿವ ಅಂದೇಳಿ ಹೊರಗ್ ಬಂದೆ, ಕಾಣಿ" ಎಂದು ಸಾಹೇಬರು ಮೊಬೈಲು ಮುಂದೆ ಹಿಡಿದರು. ಏಣಿಯ ಮೇಲೆ ಅಶೋಕ. ಬೋರ್ಡು ಕಟ್ಟುವ ಅಶೋಕ. ಟರ್ಪಾಲು ಬಿಗಿಯುವ ಅಶೋಕ. ಕಿಸೆಗೆ ನೋಟು ಬೀಳಿಸಿಕೊಳ್ಳುವ ಅಶೋಕ.

"ಕೆಲ್ಸವೂ ಕಂಡೆ, ಕೂಲಿಯೂ ಕಂಡೆ. ಮತ್ತೆ ನಾನ್ ಎಂತ ಮಾಡುದ್? ಬರ್ದದ್ನ ಹೊಡ್ದ್ ಹಾಕ್ದೆ."

"ಸರ್, ನಿಮ್ಗ್ ಹೆದ್ರಿಯೇ ನಾನ್ ಅದನ್ನ್ ತೆಗ್ದದ್!"

"ತೆಗೀದೆ ಸುಮ್ನೆ ಮನ್ಕಂಡಿದ್ರೆ ಸಾಕಿತ್ತಲೆ ಮಾರಾಯ್ರೆ."

ಏಣಿ ವಾಪಸು ಕೇಳಲು ಅಂಗಳಕ್ಕೆ ಬಂದ ವನಜಕ್ಕನ ಕಿವಿಗೆ 'ಸುಮ್ನೆ ಮನ್ಕಂಡಿದ್ರೆ' ಎಂಬ ಮಾತಷ್ಟೇ ಬಿತ್ತು. ನೆರೆಯವನ ಮಾನ ಉಳಿಸಬೇಕೆಂದು ಅವಳಿಗೆ ಅನಿಸಿತು. "ಭಾರೀ ಕೆಲ್ಸದ ಮಾಣಿ ಸಾಯ್ಬ್ರೆ! ಬೆಳಿಗ್ಗೆಯಿಂದ ಕೂತದ್ದೇ ಇಲ್ಲೆ!"

ಸಾಹೇಬರು ಅದನ್ನೂ ಬರೆದುಕೊಂಡರು. ಅಶೋಕ ಗೋಡೆಗೆ ಒರಗಿ ಕೂತ. ಮಾವನ ಮುಖ ಕಣ್ಣೆದುರು ಬಂತು, ಅದರ ಬಾಯಿ ಆಗಲೇ ತೆರೆದಿತ್ತು.

ಚಾ ಕುಡಿದು ಮುಗಿಸಿ ಚಪ್ಪಲಿ ಮೆಟ್ಟಿದ ಸಾಹೇಬರು ಮತ್ತೆ ಹಿಂದೆ ತಿರುಗಿ ದನಿ ತಗ್ಗಿಸಿದರು.

"ಹ್ವಾಯ್, ಬಪ್ಪ ಆಯ್ತವಾರ ನಮ್ ಮಗನ್ ಹುಟ್ಟಿದ್ದಬ್ಬ. ಬಸ್‌ಸ್ಟಾಂಡಲ್ಲ್ ಒಂದ್ ಫ್ಲೆಕ್ಸ್ ಕಟ್ಟುಕಿತ್ತ್, ಏಣಿ ತಕಂಡ್ ಬನ್ನಿ. ಕೂಲಿ ಮಾತ್ರ ಕೊಡುದಿಲ್ಲೆ ಆಯ್ತಾ. ನೀವ್ ಮತ್ತೊಂದ್ಸಲ ಅರ್ಜಿ ಹಾಕುವವ್ರ್, ಕೊಟ್ರೆ ನಿಮ್ಗೇ ತೊಂದ್ರೆ."