ಕುಂಬಳಹೂ ಅಣಬೆಗೆ ಬಣ್ಣ ಮಂಜೂರು ಮಾಡುವ ಬಗ್ಗೆ

ಸಾನ್ ತೆಲೆಸ್ಫೊರೊ ಪುರಸಭೆಯ ಮಾರುಕಟ್ಟೆ ಹಾಗೂ ಆಹಾರ ಸುರಕ್ಷತಾ ಅಧಿಕಾರಿಗಳಾದ ಲಿಸೆನ್ಸಿಯಾದೊ ಎವೊದಿಯೊ ಪಲಾಫೊಕ್ಸ್ ಅವರ ಸನ್ನಿಧಾನಕ್ಕೆ, ಮಲಿಂಚೆ ಬೆಟ್ಟದ ಬುಡದಲ್ಲಿ ಅಣಬೆ ಆಯ್ದು ಮಾರುವ ಫಿಲೊಮೆನಾ ತ್ಲಪಾಲೆಯ ಮಗಳು ಒತಿಲಿಯಾ, ಕೈಯ ಮಣ್ಣು ತೊಳೆದುಕೊಂಡು ಮಾಡುವ ನಮಸ್ಕಾರಗಳು. ತಮ್ಮ ಕುರ್ಚಿ ಗಟ್ಟಿಯಾಗಿರಲಿ, ತಮ್ಮ ಮೊಹರಿನ ಮಸಿ ಆರದಿರಲಿ.

ಮಾನ್ಯರೇ,

ವಿಚಾರಣೆಯ ದಿನ ತಾವು ದೊಡ್ಡ ಮನಸ್ಸು ಮಾಡಿ, "ಏನಾದ್ರೂ ಹೇಳೋದಿದ್ಯೇನಮ್ಮಾ?" ಎಂದು ನನ್ನನ್ನು ಮೂರು ಸಲ ಕೇಳಿದಿರಿ. ಮೂರು ಸಲವೂ ನಾನು ತಮ್ಮ ಬೂಟುಗಳನ್ನೇ ನೋಡುತ್ತ ನಿಂತೆ. ಅವು ಬಹಳ ಚೆನ್ನಾಗಿದ್ದವು. ಹೇಳಬೇಕಾದದ್ದು ಮನೆಗೆ ಹೋಗುವ ದಾರಿಯಲ್ಲಿ ನೆನಪಾಯಿತು; ಅದನ್ನು ಈ ಪತ್ರದಲ್ಲಿ ಬರೆದು, ಒಂದು ಪ್ರತಿಯನ್ನು ತಮಗೂ ಇನ್ನೊಂದನ್ನು ಮಾರುಕಟ್ಟೆಯ ಗೋಡೆಗೂ ಅರ್ಪಿಸುತ್ತಿದ್ದೇನೆ.

ಜೂನ್ ತಿಂಗಳಲ್ಲಿ ಮೊದಲ ಮಳೆ ಬಿದ್ದು ಕಾಡಿನಲ್ಲಿ ಅಣಬೆ ಏಳುವ ಹೊತ್ತಿಗೆ ಗೋಡೆಯ ಮೇಲೆ ತಮ್ಮ ಪ್ರಕಟಣೆಯೂ ಎದ್ದಿತು. ಅಣಬೆ ಮಾರುವವರು ತಾವು ಮಾರುವ ಪ್ರತಿಯೊಂದು ಜಾತಿಯ ಕೊಡೆ, ಕೊಡೆಯ ಅಡಿಯ ಪದರು ಪದರಾದ ಮಡಿಕೆ ಮತ್ತು ಬುಡ ಸ್ಪಷ್ಟವಾಗಿ ಕಾಣುವಂತೆ ಹತ್ತಿರದಿಂದ ತೆಗೆದ ಫೋಟೊ ಸಲ್ಲಿಸಬೇಕು. ಹಿಂದಿನ ವರ್ಷ ಯಾರೋ ಪರದೇಶದ ಅಣಬೆಯ ಚಿತ್ರವನ್ನು ಇಳಿಸಿಕೊಂಡು ತಮ್ಮದೆಂದು ಕೊಟ್ಟಿದ್ದರಿಂದ ಈ ಸಲ ಫೋನಿನ ಫೋಟೊ ನಡೆಯದು. ಕಾಗದದ ಫೋಟೊ ಬೇಕು, ಜೊತೆಗೆ ಫಿಲ್ಮಿನ ನೆಗೆಟಿವ್ ಬೇಕು. "ನೆಗೆಟಿವ್ ಸುಳ್ಳು ಹೇಳುವುದಿಲ್ಲ" ಎಂಬ ಸಾಲಿನ ಕೆಳಗೆ ತಾವು ಎರಡು ಗೆರೆ ಎಳೆದಿದ್ದಿರಿ.

ಅಮ್ಮನಿಗೆ ಓದಲು ಬಾರದು. ನಾನು ಓದಿ ಹೇಳಿದಾಗ, "ಅಣಬೆಗೂ ಫೋಟೊನಾ? ಯಾರೋ ಹೆಣ್ಣು ಕೇಳೋಕೆ ಬರ್ತಿರ್ಬೇಕು ಬಿಡು, ತಲೆ ಬಾಚಿ ಕೂರ್ಸು ಅದನ್ನ" ಎಂದಳು. ಪಕ್ಕದಲ್ಲಿ ಬೀನ್ಸ್ ಕಾಳು ಮಾರುವ ದೋನ್ಯಾ ಕಸಿಲ್ದಾ ನಕ್ಕೂ ನಕ್ಕೂ ಕೆಮ್ಮಿದಳು. ತಮ್ಮ ಪ್ರಕಟಣೆಯಿಂದ ಬಡವರಿಗೆ ಇಷ್ಟು ಸಂತೋಷವಾದದ್ದು ಅದೇ ಮೊದಲು ಎಂಬುದನ್ನು ದಾಖಲಿಸಲು ಕೋರುತ್ತೇನೆ.

ಎರಡು ಕೋಳಿ ಕೊಟ್ಟು ನಾನು ಹಳೆ ಸಾಮಾನಿನ ಸಂತೆಯಿಂದ ರಷ್ಯಾದ ಒಂದು ಹಳೆಯ ಕ್ಯಾಮೆರಾ ತಂದೆ. ಇಟ್ಟಿಗೆಯಷ್ಟು ಭಾರ, ಗುಂಡಿ ಒತ್ತಿದರೆ ಬಾಗಿಲು ಬಡಿದಂತೆ ಸದ್ದು. ಬೆಳಕು ಅಳೆಯುವ ಮುಳ್ಳು ಯಾವತ್ತೋ ಸತ್ತಿತ್ತು. ಹತ್ತಿರದ ವಸ್ತು ಹಿಡಿಯಬೇಕಾದರೆ ಕ್ಯಾಮೆರಾಕ್ಕೂ ಲೆನ್ಸಿಗೂ ನಡುವೆ ಟೊಳ್ಳು ಬಳೆಗಳನ್ನು ತೊಡಿಸಬೇಕು, ಎಷ್ಟು ಬಳೆಯೋ ಅಷ್ಟು ಹತ್ತಿರ, ಅಷ್ಟೇ ಕತ್ತಲೆ ಎಂದು ಹೇಳಿಕೊಟ್ಟವರು ಸ್ಟುಡಿಯೊದ ಮುದುಕ ದೊನ್ ಹಸಿಂತೊ. ಊರಿನಲ್ಲಿ ಈಗಲೂ ಫಿಲ್ಮು ತೊಳೆಯುವವರು ಅವರೊಬ್ಬರೇ, ಅದೂ ಕಪ್ಪುಬಿಳುಪು ಮಾತ್ರ. "ಬಣ್ಣದ್ದು ತೊಳ್ಯೋ ಔಷಧ ನನ್ ಹೆಂಡ್ತಿ ಇದ್ದಾಗ ಬರ್ತಿತ್ತು ಮಗಳೇ" ಎಂದರು. ತಮ್ಮ ಪ್ರಕಟಣೆಯಲ್ಲಿ ಬಣ್ಣದ ಮಾತೇ ಇರಲಿಲ್ಲವಾದ್ದರಿಂದ ನಾವು ಚಿಂತಿಸಲಿಲ್ಲ.

ಹೀಗೆ ಜುಲೈ ತಿಂಗಳಿಡೀ, ಮಾನ್ಯರೇ, ನಾನು ತಮ್ಮ ಸೇವೆಯಲ್ಲಿ ಪೈನ್ ಮರಗಳ ಕೆಳಗೆ ಹೊಟ್ಟೆ ಮೇಲೆ ಮಲಗಿದ್ದೆ. ಮೂರು ಬಳೆ ತೊಡಿಸಿದ ಮೇಲೆ ಉಸಿರು ಬಿಟ್ಟರೂ ಅಣಬೆ ಮಸುಕಾಗುತ್ತದೆ. ಆದ್ದರಿಂದ ದೋನ್ಯಾ ಕಸಿಲ್ದಾಳ ಕಾಳಿನ ಚೀಲದ ಮೇಲೆ ಕ್ಯಾಮೆರಾ ಇಟ್ಟು, ಉಸಿರು ಕಟ್ಟಿ, ಮನಸ್ಸಿನಲ್ಲೇ ನಾಲ್ಕು ಎಣಿಸುವವರೆಗೆ ಗುಂಡಿ ಒತ್ತಿ ಹಿಡಿಯುತ್ತಿದ್ದೆ. ಮೂರು ಎಣಿಸುವಷ್ಟರಲ್ಲಿ ಇರುವೆ ಬರುತ್ತಿತ್ತು. ಬುಡವೂ ಕಾಣಬೇಕೆಂದು ತಮ್ಮ ಅಪ್ಪಣೆ. ಆದರೆ ಬುಡ ಕಿತ್ತರೆ ಬರುವ ವರ್ಷ ಬೆಟ್ಟ ಮುನಿಯುತ್ತದೆಂದು ನಮ್ಮಲ್ಲಿ ಯಾರೂ ಕೀಳುವುದಿಲ್ಲ, ಚಾಕುವಿನಿಂದ ಕೊಯ್ದು ಮೇಲೆ ಎಲೆ ಮುಚ್ಚಿ ಬರುತ್ತೇವೆ. ನಾನು ಚಮಚದಲ್ಲಿ ಮಣ್ಣು ಸರಿಸಿದರೆ ಅಮ್ಮ ಹಿಂದೆಯೇ ಕುಕ್ಕರುಗಾಲಲ್ಲಿ ಕೂತು, "ಕೋಪ ಮಾಡ್ಕೋಬೇಡ ತಾಯಿ, ಇದು ನಮ್ ಕೆಲ್ಸ ಅಲ್ಲ, ಪುರಸಭೇದು" ಎಂದು ಬೆಟ್ಟಕ್ಕೆ ತಮ್ಮ ವಿಳಾಸ ಕೊಡುತ್ತಿದ್ದಳು.

ಈಗ ನನ್ನ ತಪ್ಪಿಗೆ ಬರುತ್ತೇನೆ. ಅಮ್ಮ ಮಾರುವುದರಲ್ಲಿ ಮುಖ್ಯವಾದದ್ದು ಕುಂಬಳಹೂ ಅಣಬೆ. ಕುಂಬಳದ ಹೂವಿನ ಹಾಗೆಯೇ ಕಿತ್ತಳೆ ಕೊಡೆ, ಅಡಿಯಲ್ಲಿ ಹಳದಿ ಮಡಿಕೆ, ಬುಡದಲ್ಲಿ ಮೊಟ್ಟೆಯ ಚಿಪ್ಪಿನಂಥ ಬಿಳಿ ಬಟ್ಟಲು. ಮನುಷ್ಯರನ್ನು ಕೊಲ್ಲುವ, ನಾವು ಹುಚ್ಚು ಬಿಳಿ ಎನ್ನುವ ಅಣಬೆಗೂ ಅದೇ ಬಟ್ಟಲು, ಹೆಚ್ಚುಕಡಿಮೆ ಅದೇ ಮೈಕಟ್ಟು. ಆದರೆ ಅದು ಮೇಲೂ ಬಿಳಿ, ಅಡಿಯಲ್ಲೂ ಬಿಳಿ. ಬಣ್ಣವೊಂದನ್ನು ನೋಡಿದರೆ ಮೂರು ವರ್ಷದ ಮಗುವೂ ಬೇರೆ ಮಾಡುತ್ತದೆ. ಮೊದಲ ಸಲ ತೊಳೆದ ಫೋಟೊದಲ್ಲಿ ಅಣಬೆ ಹುಲ್ಲಿನ ಬೂದುಬಣ್ಣದಲ್ಲಿ ಬೂದುಬಣ್ಣವಾಗಿ ಮರೆಯಾಗಿತ್ತು. ದೊನ್ ಹಸಿಂತೊ ಲೆನ್ಸಿನ ಮುಂದೆ ಇಡಲು ಒಂದು ಕಿತ್ತಳೆ ಗಾಜು ಕೊಟ್ಟು, "ಇದ್ನ ಹಾಕು, ಹುಲ್ಲು ಕಪ್ಪಾಗತ್ತೆ, ನಿನ್ ಅಣಬೆ ಮದುಮಗಳ ಥರ ಹೊಳ್ಯತ್ತೆ" ಎಂದರು. ಹಾಕಿದೆ. ಹೊಳೆಯಿತು. ಕತ್ತಲ ಹುಲ್ಲಿನ ನಡುವೆ ಅಚ್ಚ ಬಿಳಿ ಕೊಡೆ, ಅಚ್ಚ ಬಿಳಿ ಮಡಿಕೆ. ನಾನು ತೆಗೆದದ್ದರಲ್ಲೆಲ್ಲ ಚೆಂದದ ಫೋಟೊ ಅದೇ, ಹಾಗಾಗಿ ಅದನ್ನೇ ಸಲ್ಲಿಸಿದೆ. ಕುಂಬಳಹೂ ಎಂಬ ಹೆಸರು ಗೊತ್ತಿದ್ದವರಿಗೆ ಬಣ್ಣ ಹೇಳಬೇಕಾಗುತ್ತದೆಂದು ನಮಗೆ ಹೊಳೆಯಲೇ ಇಲ್ಲ.

ತಾವು ಹದಿನೆಂಟು ದಿನ ಆ ಫೋಟೊವನ್ನು ಪರಿಶೀಲಿಸಿ ಬರೆದ ವರದಿಯನ್ನು ನಾನು ಬಾಯಿಪಾಠ ಮಾಡಿದ್ದೇನೆ. "ಅರ್ಜಿದಾರಳು ಮಾರುವ ಅಣಬೆ ಕೊಡೆಯಲ್ಲೂ ಮಡಿಕೆಯಲ್ಲೂ ಬಿಳಿಯಾಗಿದ್ದು, ಮಾರಕ ಜಾತಿಯದೆಂದು ಸ್ವತಃ ಅವಳ ನೆಗೆಟಿವಿನಿಂದಲೇ ಸಾಬೀತಾಗಿದೆ." ನಂತರ ತಾವು ದೊಡ್ಡದು ಮಾಡಿದ ಆ ಫೋಟೊದ ಮೇಲೆಯೇ ಅಳತೆಪಟ್ಟಿ ಇಟ್ಟು ಅಳೆದು, ಕೊಡೆಯ ಅಗಲ ಇಪ್ಪತ್ಮೂರು ಸೆಂಟಿಮೀಟರ್ ಎಂದೂ, ಅದರ ಮೇಲೆ "ಹೆಬ್ಬೆರಳ ಗಾತ್ರದ ಕೀಟ" ಇರುವುದು ಸಾರ್ವಜನಿಕ ಆರೋಗ್ಯಕ್ಕೆ ಆತಂಕಕಾರಿ ಎಂದೂ ಬರೆದಿರಿ. ಅದು ಮೂರು ಎಣಿಸುವಷ್ಟರಲ್ಲಿ ಬಂದ ಇರುವೆ. ಇಂಥ ಸೂಕ್ಷ್ಮದೃಷ್ಟಿಯ ಅಧಿಕಾರಿ ನಮಗೆ ಸಿಕ್ಕಿರುವುದು ನಮ್ಮ ಪುಣ್ಯ. ವಿಚಾರಣೆಯಲ್ಲಿ ಅಮ್ಮ ತನ್ನ ಬುಟ್ಟಿಯನ್ನು ತಮ್ಮ ಮೇಜಿನ ಮೇಲಿಟ್ಟು, "ಸಾಹೇಬ್ರೇ, ಅಣಬೇನೇ ಇಲ್ಲಿದ್ಯಲ್ಲ, ನೋಡಿ" ಎಂದಾಗ ತಾವು ಬುಟ್ಟಿಯತ್ತ ಕಣ್ಣೂ ಹಾಯಿಸದೆ, "ಇಲಾಖೆ ಕಡತ ನೋಡತ್ತಮ್ಮಾ, ಬುಟ್ಟಿ ನೋಡಲ್ಲ" ಎಂದಿರಿ. ಆ ಸಂಯಮವನ್ನು ಮೆಚ್ಚದೆ ಇರುವುದು ಹೇಗೆ? ಕಿತ್ತಳೆ ಬಣ್ಣ ತಮ್ಮ ಮೂಗಿನಿಂದ ಒಂದು ಗೇಣು ದೂರದಲ್ಲಿತ್ತು.

ಆದೇಶದ ಪ್ರಕಾರ ಗಂಟೆಗೋಪುರದ ಮೆಟ್ಟಿಲಿನ ಮೇಲಿದ್ದ ಅಮ್ಮನ ಜಾಗವನ್ನು ಹಗ್ಗ ಕಟ್ಟಿ ಮುಚ್ಚಲಾಗಿದೆ. ಮಳೆಗಾಲ ಮುಗಿಯುವುದರೊಳಗೆ ತೆರೆಯದಿದ್ದರೆ ಆ ಜಾಗ ಬೇರೆಯವರಿಗೆ ಹೋಗುತ್ತದೆ. ಇಪ್ಪತ್ತಾರು ವರ್ಷ ಅಲ್ಲಿ ಕೂತು ಮಾರಿದ ಅಣಬೆಯಿಂದ ಊರಿನಲ್ಲಿ ಒಬ್ಬರಿಗೂ ಹೊಟ್ಟೆ ನೋಯಲಿಲ್ಲ. ಆದರೆ ಅದಕ್ಕೆ ಫೋಟೊ ಇಲ್ಲ, ನಿಜ. ಜಾಗ ಹೋಗುವುದಕ್ಕಿಂತ ದೊಡ್ಡ ನಷ್ಟ ಇನ್ನೊಂದು ಇದೆ. ಆದೇಶ ಬಂದ ಮೇಲೆ ಅಮ್ಮ ಕಾಡಿನಲ್ಲಿ ಒಂದು ಕುಂಬಳಹೂ ಕೊಯ್ದರೆ ಮೂರು ಸಲ ತಿರುಗಿಸಿ ನೋಡುತ್ತಾಳೆ. ಬಿಸಿಲಿಗೆ ಹಿಡಿಯುತ್ತಾಳೆ. ನನ್ನತ್ತ ಚಾಚಿ, "ಇದು ಹಳದೀನೇ ಅಲ್ವೇನೇ, ಒತಿಲಿಯಾ?" ಎನ್ನುತ್ತಾಳೆ. ಕಣ್ಣು ಮುಚ್ಚಿಕೊಂಡು, ಕೇವಲ ಬೆರಳಿನಿಂದ ಅಣಬೆ ಗುರುತಿಸುತ್ತಿದ್ದ ಹೆಂಗಸು. ನಾನು ಹಳದೀನೇ ಎಂದರೂ ಕೆಲವನ್ನು ಅಲ್ಲೇ ಬಿಟ್ಟು ಬರುತ್ತಾಳೆ. ಇದನ್ನು ಮಾಡಿದ್ದು ನನ್ನ ಚೆಂದದ ಫೋಟೊ ಮತ್ತು ತಮ್ಮ ಚೆಂದದ ಮೊಹರು, ಎರಡೂ ಸೇರಿ.

ಆದ್ದರಿಂದ ವಿನಂತಿ. ಕಪ್ಪುಬಿಳುಪು ಫಿಲ್ಮಿಗೆ ಹೊಂದುವಂತೆ, ಇನ್ನು ಮುಂದೆ ತಿನ್ನುವ ಅಣಬೆಗಳು ಕಪ್ಪಾಗಿಯೂ ಕೊಲ್ಲುವ ಅಣಬೆಗಳು ಬಿಳಿಯಾಗಿಯೂ ಏಳಬೇಕೆಂದು ಮಲಿಂಚೆ ಬೆಟ್ಟಕ್ಕೆ ನೋಟಿಸು ಕಳಿಸಬೇಕು. ಬೆಟ್ಟ ಒಪ್ಪದಿದ್ದರೆ ಕುಂಬಳಹೂ ಅಣಬೆಗೆ ವಿಶೇಷ ಪ್ರಕರಣವೆಂದು ಕಿತ್ತಳೆ ಬಣ್ಣವನ್ನು ಲಿಖಿತವಾಗಿ ಮಂಜೂರು ಮಾಡಬೇಕು. ಹಳದಿಯನ್ನು ಬೇಕಾದರೆ ಮುಂದಿನ ವರ್ಷ ಕೊಡಿ. ಕಾಡಿನ ಇರುವೆಗಳು ನಾಲ್ಕು ಎಣಿಸುವವರೆಗೆ ಕಚೇರಿಯ ಸಿಬ್ಬಂದಿಯಂತೆ ಅಲುಗಾಡದೆ ಕೂರಬೇಕು, ಮತ್ತು ಪ್ರತಿಯೊಂದು ಇರುವೆಯೂ ತನ್ನ ನಿಜವಾದ ಅಳತೆಯ ಪ್ರಮಾಣಪತ್ರವನ್ನು ಬೆನ್ನ ಮೇಲೆ ಹೊತ್ತಿರಬೇಕು. ಇಷ್ಟೆಲ್ಲ ಕಷ್ಟವೆನಿಸಿದರೆ ತಾವು ಒಂದು ಸಲ ಬುಟ್ಟಿಯೊಳಗೆ ಇಣುಕಿದರೂ ಸಾಕು. ಆದರೆ ಅಸಾಧ್ಯವಾದದ್ದನ್ನು ಕೇಳಬಾರದೆಂದು ಅಮ್ಮ ಹೇಳಿದ್ದಾಳೆ.

ಹೊಟ್ಟೆ ಮೇಲೆ ಮಲಗಿದಲ್ಲಿಂದಲೇ ತಲೆಬಾಗುವ,
ತಮ್ಮ ವಿಶ್ವಾಸಿ,
ಒತಿಲಿಯಾ ತ್ಲಪಾಲೆ

ಬರೆಯಲು ಮರೆತದ್ದು: ಹಗ್ಗ ಕಟ್ಟಿದ ಮರುದಿನ, ಶನಿವಾರ, ತಮ್ಮ ಶ್ರೀಮತಿ ದೋನ್ಯಾ ಎಲ್ವಿರಾ ಅವರು ಮುಚ್ಚಳದ ಪಾತ್ರೆ ಹಿಡಿದು ನಮ್ಮ ಹಿತ್ತಿಲ ಬಾಗಿಲಿಗೆ ಬಂದಿದ್ದರು. "ಆ ಕಾಗ್ದ ಗೀಗ್ದ ಎಲ್ಲ ಅವ್ರ ಆಫೀಸಿಂದು ಫಿಲೊಮೆನಾ. ನಿನ್ ಕುಂಬಳಹೂ ಸಾರಿಲ್ದೆ ಅವ್ರಿಗೆ ಭಾನುವಾರ ರೊಟ್ಟಿ ಗಂಟ್ಲಲ್ಲಿ ಇಳ್ಯಲ್ಲ, ಕೊಡು ತಾಯಿ" ಎಂದರು. ಮಾರುವುದಕ್ಕೆ ಮಾತ್ರ ನಿಷೇಧವಿರುವುದರಿಂದ ಅಮ್ಮ ಸುಮ್ಮನೆಯೇ ಕೊಟ್ಟಳು. ಹುಚ್ಚು ಬಿಳಿ ತಿಂದವರು ವಾರ ದಾಟುವುದಿಲ್ಲ. ಸ್ವರ್ಗಸ್ಥರಿಗೆ ದೂರು ಬರೆಯುವುದು ಮರ್ಯಾದೆಯಲ್ಲವೆಂದು ಎರಡು ವಾರ ಕಾದೆವು. ಇವತ್ತು ಬೆಳಗ್ಗೆ ತಾವು ಕಚೇರಿಯ ಮೆಟ್ಟಿಲನ್ನು ಎರಡೆರಡಾಗಿ ಹತ್ತಿದ್ದನ್ನು ಅಮ್ಮನಿಗೆ ತೋರಿಸಿದೆ. ಅವಳು ಬಹಳ ಹೊತ್ತು ನೋಡಿ, "ಹಳದೀನೇ ಇತ್ತು ಬಿಡು" ಎಂದಳು. ದೋನ್ಯಾ ಎಲ್ವಿರಾ ನಾಳೆಗೆಂದು ಇನ್ನೊಂದು ಪಾತ್ರೆ ಬಿಟ್ಟು ಹೋಗಿದ್ದಾರೆ. ಅದನ್ನು ತುಂಬಿಸಿ ಹಿತ್ತಿಲ ಬಾಗಿಲಲ್ಲಿ ಇಡುವುದೋ, ಗಂಟೆಗೋಪುರದ ಮೆಟ್ಟಿಲ ಮೇಲೆ ಅಮ್ಮನ ಜಾಗದಲ್ಲಿ ಇಡುವುದೋ, ದಯವಿಟ್ಟು ಇವತ್ತು ಸಂಜೆಯೊಳಗೆ ಅಪ್ಪಣೆಯಾಗಬೇಕು.