ಶಾಲೆಯ ಮುಂದೊಂದು ನಾಕಾ

ನಿನ್ನೆ ಸಂಜೆ ಇಲ್ಲದ ಬಿದಿರು ಇವತ್ತು ಶಾಲೆಯ ಮುಂದೆ ದಾರಿಗೆ ಅಡ್ಡ ಮಲಗಿತ್ತು. ತಿರುವಿನಲ್ಲಿ ಅದನ್ನು ಕಂಡದ್ದೇ ತಡ, ಮಡಿವಾಳಪ್ಪ ಹಿಂದಿನ ಹುಲ್ಲನ್ನು ಒಮ್ಮೆ ತಿರುಗಿ ನೋಡಿದ. ಹಗ್ಗ ಜಗ್ಗಿ ಗಾಡಿ ನಿಲ್ಲಿಸಿದ.

ಗಾಡಿಯ ಮೇಲೆ ಹುಲ್ಲು, ಹುಲ್ಲಿನಡಿ ಗೋಣಿತಟ್ಟು, ಗೋಣಿತಟ್ಟಿನೊಳಗೆ ಒಂದು ತೊಲೆ. ಹೊಸ ಮನೆಯ ಪಡಸಾಲೆಗೆ ಆ ತೊಲೆಯನ್ನು ಇವತ್ತು ಹೊತ್ತು ನೆತ್ತಿಗೆ ಬರುವುದರೊಳಗೆ ಏರಿಸಬೇಕು. ಮನೆಯಲ್ಲಿ ಸ್ವಾಮಿಗಳು ಬಂದು ಕೂತಿದ್ದಾರೆ, ಬಡಿಗೇರರು ಚಾ ಕುಡಿದು ಕಾಯುತ್ತಿದ್ದಾರೆ. ಕೊಟ್ಟವನು ಷಡ್ಡಕ ಅಂದಾನಪ್ಪ. ನಸುಕಿನಲ್ಲಿ ಗಾಡಿಗೆ ಏರಿಸುವಾಗ ಕಿವಿಯಲ್ಲಿ ಉಸುರಿದ್ದ, "ಶುದ್ಧ ಸಾಗವಾನಿ. ಅರಣ್ಯದವರ ಪಾಸ್ ಗೀಸ್ ಏನಿಲ್ಲ. ಮನಿ ಮುಟ್ಟೂ ತನಕಾ ಗೋಣಿ ಬಿಚ್ಚಬ್ಯಾಡ."

ಮಡಿವಾಳಪ್ಪ ಯಾರನ್ನೂ ನಂಬುವವನಲ್ಲ. ಮಜ್ಜಿಗೆ ಕೊಟ್ಟರೆ ನೀರೆಷ್ಟು ಅಂತ ನೋಡುವವ, ನೀರು ಕೊಟ್ಟರೆ ಯಾಕೆ ಕೊಟ್ಟರು ಅಂತ ನೋಡುವವ. ಆದರೂ ಷಡ್ಡಕ ಅಂದಮೇಲೆ ಹೆಂಡತಿಯ ತಂಗಿಯ ಗಂಡ. ಅವನ ಮೇಲೂ ಸಂಶಯಪಟ್ಟರೆ ಮನೆಯಲ್ಲಿ ಅನ್ನ ಹುಟ್ಟುವುದಿಲ್ಲ.

ಬಿದಿರಿನ ಈಚೆ ಕೆರಿಯಪ್ಪನ ಗಾಡಿ ನಿಂತಿತ್ತು. ಪಕ್ಕದಲ್ಲಿ ಗೌರಕ್ಕ ಮೊಸರಿನ ಗಡಿಗೆ ಕೆಳಗಿಟ್ಟು ಕೂತಿದ್ದಳು.

"ಏನಿದು ಕೆರಿಯಪ್ಪಾ?"

"ಎಂತದೋ ಏನೋ. ಮುಂಬಯಿ ಸರಕಾರ ಹೋತು, ಮೈಸೂರು ಸರಕಾರ ಬಂತು. ಲೆವಿ ಅಂತ ಭತ್ತ ಕಿತ್ಕಳ್ಳೂದು ಮತ್ತೆ ಸುರುವಾತು ಅಂತ ಕಾಣ್ತದೆ" ಅಂದ ಕೆರಿಯಪ್ಪ, ತನ್ನ ಚೀಲಗಳ ಮೇಲೆ ಇನ್ನಷ್ಟು ಹರಡಿ ಕೂರುತ್ತ.

"ಭತ್ತನೂ ಅಲ್ಲ, ಬದನಿಕಾಯಿನೂ ಅಲ್ಲ" ಅಂದಳು ಗೌರಕ್ಕ. "ಮಾಸ್ತರ್ರು ನನ್ನ ಹಿತ್ತಲದ್ದೇ ಬಿದಿರು ಇಸ್ಕೊಂಡು ಹೋದ್ರು. ಮಕ್ಕಳಿಗೆ ಗಾಡಿ ತಾಗಬಾರದು ಅಂತ ಹೇಳ್ತಾರ. ಹೇಳೂದು ಹಂಗ. ಅಲ್ಲಿ ನೋಡು, ಶಾಲಿ ಕಟ್ಟಿ ಮ್ಯಾಲೆ ಯಾರು ಕುಂತಾರ?"

ಮಡಿವಾಳಪ್ಪ ಕತ್ತು ಚಾಚಿದ. ಕಟ್ಟೆಯ ಮೇಲೆ ಖಾಕಿ ಚಡ್ಡಿ, ಖಾಕಿ ಟೊಪ್ಪಿಗೆ, ಕೈಯಲ್ಲಿ ಬೆತ್ತ. ಫಾರೆಸ್ಟ್ ಗಾರ್ಡ್ ವೆಂಕಟ್ರಮಣ! ಕಾಡಿನಲ್ಲಿ ಕಡ್ಡಿ ಮುರಿದರೆ ಕೇಳುವ ಕಿವಿ ಅವನದು ಅನ್ನುತ್ತಿದ್ದರು.

ಅರಣ್ಯದವನು ಶಾಲೆಯಲ್ಲಿ ಏನು ಮಾಡುತ್ತಾನೆ? ಮಗ್ಗಿ ಕಲಿಯುತ್ತಾನೆಯೇ? ಮಕ್ಕಳಂತೆ, ಗಾಡಿ ತಾಗುತ್ತದಂತೆ! ಮಕ್ಕಳಿಗಾಗಿ ರಸ್ತೆಗೆ ಅಡ್ಡ ಕಟ್ಟುವ ಸರಕಾರ ಯಾವ ಸೀಮೆಯಲ್ಲಿದೆ? ಇದು ಗಾಡಿ ತಪಾಸಣೆಯ ನಾಕಾ. ಹಾಕಿದ್ದು ತನಗಾಗಿಯೇ. ಯಾರೋ ಹೇಳಿಕೊಟ್ಟಿದ್ದಾರೆ.

"ಎತ್ತಿಗೆ ನೀರು ಕುಡಿಸ್ಕೊಂಡು ಬರ್ತೀನಿ" ಅಂತ ಗಾಡಿ ತಿರುಗಿಸಿ ಶಾಲೆಯ ಹಿಂದಿನ ಬೇಲಿಗೆ ಹೋದ. ಅತ್ತಿತ್ತ ನೋಡಿದ. ಬಾಣಂತಿಯನ್ನು ಇಳಿಸಿದ ಹಾಗೆ ತೊಲೆ ಇಳಿಸಿ, ಬೇಲಿಯ ಬುಡಕ್ಕೆ ಎಳೆದು, ಇದ್ದ ಹುಲ್ಲನ್ನೆಲ್ಲ ಮೇಲೆ ಹೊದಿಸಿದ. ಗಾರ್ಡ್ ತೊಲಗಿದ ಮೇಲೆ ಬಂದು ಒಯ್ದರಾಯಿತು.

ಖಾಲಿ ಗಾಡಿ ಹೊಡೆದುಕೊಂಡು ಬರುವಾಗ ಮಡಿವಾಳಪ್ಪನ ಎದೆ ಊರಗೌಡನ ಎದೆಯಷ್ಟು ಅಗಲವಾಗಿತ್ತು. ಬಿದಿರಿನ ತನಕ ಗಾಡಿ ತಂದು, "ನೋಡ್ಕೊಳ್ರಿ! ಏನೈತಿ ಗಾಡಿಯಾಗ? ಚೆನ್ನಾಗಿ ನೋಡ್ಕೊಳ್ರಿ!" ಅಂತ ಕೂಗಿದ.

ಹೆಡ್‌ಮಾಸ್ತರ್ ಚಂದ್ರಶೇಖರಪ್ಪ ಹೊರಗೆ ಬಂದರು. "ಗಾಡಿಯಾಗ ಏನಿದ್ರೂ ನನಗೇನ್ರಿ ಮಡಿವಾಳಪ್ಪಾರ? ಮಕ್ಕಳು ಬಾವಿಗೆ ನೀರಿಗೆ ಹೋಗೋ ಹೊತ್ತು. ಮೊನ್ನೆ ಮರದ ಲಾರಿ ಒಂದು ಹುಡುಗಿ ಲಂಗಾ ಹರಕೊಂಡು ಹೋತು, ಹುಡುಗಿ ಉಳೀತು. ಅವರು ದಾಟೂ ತನಕ ನಿಲ್ರಿ."

"ನಿಲ್ತೀನ್ರಿ, ನಿಲ್ತೀನಿ. ನನಗೆ ಎಲ್ಲಾ ಗೊತ್ತಾಗ್ತದ" ಅಂತ ಮಡಿವಾಳಪ್ಪ ಕಟ್ಟೆಯ ಕಡೆ ನೋಡಿ ನಕ್ಕ.

ಆಗಲೇ ಜವಾನ ದ್ಯಾಮಪ್ಪ ಗಂಟೆ ಬಾರಿಸಿದ. ರೈಲಿನ ಹಳಿಯ ತುಂಡಿನ ಗಂಟೆ. ಠಣ್ ಅಂದದ್ದಕ್ಕೆ ಎತ್ತುಗಳು ಬೆಚ್ಚಿ ಬಾಲ ಎತ್ತಿ ಮುಂದೆ ನುಗ್ಗಿದವು. ಬಿದಿರು ಹಪ್ಪಳದ ಹಾಗೆ ಲಟಕ್ಕೆಂದು ಮುರಿಯಿತು. ಬಾವಿಗೆ ಓಡುತ್ತಿದ್ದ ಮಕ್ಕಳು ಕಿರುಚಿ ಹಿಂದೆ ಸರಿದವು. ಮಡಿವಾಳಪ್ಪ ಹಗ್ಗಕ್ಕೆ ಜೋತುಬಿದ್ದು ಎತ್ತುಗಳನ್ನು ತಡೆದಾಗ, ಕೈಯಲ್ಲಿ ತಂಬಿಗೆ ಹಿಡಿದ ಒಂದು ಪುಟ್ಟ ಹುಡುಗಿಗೂ ಎತ್ತಿನ ಕೊಂಬಿಗೂ ನಡುವೆ ಒಂದು ಮೊಳ ಜಾಗ ಉಳಿದಿತ್ತು.

ಮಡಿವಾಳಪ್ಪ ಹಾರಿ ಇಳಿದು ಎತ್ತುಗಳ ಮೂಗುದಾರ ಹಿಡಿದ.

"ಈಗ ತಿಳೀತೇನ್ರಿ ಬಿದಿರು ಯಾಕಂತ?" ಅಂದರು ಮಾಸ್ತರರು, ಮೆಲ್ಲಗೆ. "ಎತ್ತು ಇಲ್ಲೇ ಕಟ್ರಿ. ಬ್ಯಾರೆ ಬಿದಿರಿನ ಗಳ ತಂದು ಕೊಟ್ಟು ಗಾಡಿ ಬಿಡಿಸ್ಕೊಂಡು ಹೋಗ್ರಿ."

"ನನ್ನ ಹಿತ್ತಲದಾಗ ಇನ್ನೊಂದು ಐತಿ, ಬಾರಪಾ" ಅಂದಳು ಗೌರಕ್ಕ.

ಕೊಟ್ಟ ಬಿದಿರಿನ ಹಿಂದೆ ಇವಳ ಲೆಕ್ಕ ಏನಿದೆಯೋ! ಊರೆಲ್ಲ ಡಂಗುರ ಹೊಡೆಯುತ್ತಾಳೆ. ಬೇಡವೇ ಬೇಡ ಅಂತ ಮಡಿವಾಳಪ್ಪ ಸೊಂಟದ ಕತ್ತಿ ಹಿಡಿದು ಹಳ್ಳದಾಚೆಯ ಕಾಡಂಚಿಗೆ ನಡೆದ. ಮುಳ್ಳಲ್ಲಿ ಪಂಜೆ ಹರಿಯಿತು, ಎಲೆ ಹೆಣೆದ ಇರುವೆ ಕೊಟ್ಟೆ ತಲೆಯ ಮೇಲೆ ಬಿತ್ತು. ಕೆಂಪಿರುವೆಗಳು ಕಚ್ಚಿದಲ್ಲೆಲ್ಲ ಕುಣಿಯುತ್ತ ಒಂದು ಹಸಿ ಬಿದಿರು ಕಡಿದು ಹೆಗಲಿಗೇರಿಸಿ ಬಂದ.

ಬಂದು ನೋಡಿದರೆ ಶಾಲೆಯ ಮುಂದೆ ಜಾತ್ರೆಯಷ್ಟು ಜನ. ಎರಡು ಕವೆಗೂಟಗಳ ಮೇಲೆ ದಾರಿಗೆ ಅಡ್ಡಲಾಗಿ, ಅರಿಶಿನ ಕುಂಕುಮ ಹಚ್ಚಿಸಿಕೊಂಡು, ದಾಸವಾಳದ ಮಾಲೆ ಹಾಕಿಸಿಕೊಂಡು ಮದುಮಗನ ಹಾಗೆ ಮಲಗಿತ್ತು ಅವನ ತೊಲೆ!

ಮಡಿವಾಳಪ್ಪನ ಹೆಗಲ ಮೇಲಿನ ಬಿದಿರು ಜಾರಿ ನೆಲಕ್ಕೆ ಬಿತ್ತು.

"ಅಗೋ ಬಂದ್ರು!" ಅಂತ ಮಾಸ್ತರರು ಓಡಿಬಂದು ಕೈ ಹಿಡಿದುಕೊಂಡರು. "ನಿಮಗೆ ಬಾಯಿ ಮಾಡಿದೆ, ತಪ್ಪು ತಿಳೀಬ್ಯಾಡ್ರಿ. ಬಿದಿರು ನಿಲ್ಲೂದಿಲ್ಲ ಅಂತ ಮೊದಲೇ ತಿಳಿದು, ಯಾರಿಗೂ ಹೇಳದಂಗ ಹಿಂದೆ ತೊಲಿ ಇಟ್ಟೀರಿ! ಗುಪ್ತದಾನ!"

"ನಂದು... ನಂದಲ್ರಿ ಅದು!"

"ನೋಡ್ರಿ, ದಾನ ಮಾಡಿದವರು ಹಿಂಗ ಅನ್ನೂದು" ಅಂದಳು ಗೌರಕ್ಕ. "ಇವನ ಗಾಡಿಯಿಂದ ಇಳಿಸೂದು ಬೇಲಿ ಸಂದಿಲೆ ಈ ಕಣ್ಣಿಲೆ ಕಂಡೀನಿ. ಹುಲ್ಲು ಹೊದಿಸಿದ್ದೂ ಕಂಡೀನಿ. ದ್ಯಾಮಪ್ಪಗ ಹೇಳಿದಾಕಿ ನಾನ!"

ಜನರ ನಡುವಿನಿಂದ ಖಾಕಿ ಟೊಪ್ಪಿಗೆ ಬಂತು. ವೆಂಕಟ್ರಮಣ ಬೆತ್ತದಿಂದ ತೊಲೆಯನ್ನು ತಟ್ಟಿ, "ಹಾಗಾರೆ ಇದು ಯಾರ್ದು ಮಾರಾಯ್ರೆ?" ಅಂದ.

ತನ್ನದು ಅಂದರೆ ಜೈಲು. ತನ್ನದಲ್ಲ ಅಂದರೆ ಪಡಸಾಲೆಗೆ ತೊಲೆಯಿಲ್ಲ. ಕೆಂಪಿರುವೆ ಒಂದು ಬೆನ್ನಲ್ಲಿ ಇನ್ನೂ ಕಚ್ಚುತ್ತಿತ್ತು. "ಶಾಲೀದ್ರಿ!" ಅಂತ ಮಡಿವಾಳಪ್ಪ ಒದರಿದ. "ಕೊಟ್ಟಾತು. ಬಸವಣ್ಣನ ಆಣಿ, ನನಗೂ ಅದಕ್ಕೂ ಇನ್ನ ಸಂಬಂಧ ಇಲ್ಲ!"

ಜನ ಚಪ್ಪಾಳೆ ತಟ್ಟಿದರು. ಮಾಸ್ತರರ ಕಣ್ಣಲ್ಲಿ ನೀರು ಬಂತು.

ವೆಂಕಟ್ರಮಣ ಬಗ್ಗಿ ಉಗುರಿನಿಂದ ಒಂದು ಕಡೆ ಕೆರೆದ. ಮೇಲಿನ ಕೆಂಪು ಎಣ್ಣೆ ಎದ್ದು ಒಳಗೆ ಅರಿಶಿನದ ಬಣ್ಣ ಕಂಡಿತು. ಮೂಸಿ ನೋಡಿ ನಕ್ಕ. "ಒಳ್ಳೆ ಹಲಸು. ಯಾರೋ ಸಾಗವಾನಿ ಅಂಬ ಹಾಗೆ ಬಣ್ಣ ತಿಕ್ಕಿದ್ದಾರೆ. ಹೆದರ್ಕಂಡಿದ್ರಾ ಎಂತ? ಹಿತ್ತಲ ಹಲಸಿಗೆ ಪಾಸ್ ಯಾರು ಕೇಳ್ತಾರೆ? ಶಿರಸಿ ಪೇಟೆಯಲ್ಲಿ ವಾಲಗ ಊದಿಸ್ಕಂಡು ಒಯ್ದರೂ ಕೇಳೋರಿಲ್ಲ."

ಸಾಗವಾನಿ ಅಂತ ಹಲಸು ಕೊಟ್ಟ ಷಡ್ಡಕನ ಮುಖ ಮಡಿವಾಳಪ್ಪನ ಕಣ್ಣೆದುರು ಬಂತು. ಜಗತ್ತಿನಲ್ಲಿ ಅವನು ಸಂಶಯಪಡದೆ ಬಿಟ್ಟದ್ದು ಅದೊಂದೇ ಮುಖ.

"ಮತ್ತ... ನೀವು ಇಲ್ಲಿ ಯಾಕ್ ಬಂದಿದ್ರಿ?" ಅಂದ, ಸೋತ ದನಿಯಲ್ಲಿ.

"ನಾನಾ? ಶಾಲೆಗೆ ಮಗಳ ಹೆಸರು ಹಚ್ಚಲಿಕ್ಕೆ. ಇವತ್ತು ಡ್ಯೂಟಿ ಇಲ್ಲ, ಎಂತದೂ ಇಲ್ಲ" ಅನ್ನುತ್ತ ವೆಂಕಟ್ರಮಣ ಹೊರಟವನು, ಕಾಲಿಗೆ ಏನೋ ತಾಗಿ ನಿಂತ. ಕೆಳಗೆ ನೋಡಿದ. ಕಡಿದ ಕಡೆ ಇನ್ನೂ ನೀರು ಜಿನುಗುತ್ತಿದ್ದ ಹಸಿ ಬಿದಿರು. ಮಡಿವಾಳಪ್ಪನ ಸೊಂಟದ ಕತ್ತಿ ನೋಡಿದ, ಹರಿದ ಪಂಜೆ ನೋಡಿದ, ಹಳ್ಳದಾಚೆಯ ಕಾಡು ನೋಡಿದ. ಮುಖದ ಮೇಲಿನ ನಗು ಮಾಯವಾಯಿತು.

"ಹೌದಾ ಮಾರಾಯ್ರೆ," ಅಂದ ಟೊಪ್ಪಿಗೆ ಸರಿಮಾಡಿಕೊಂಡು, "ಈ ಸರಕಾರಿ ಬಿದಿರಿಗೆ ಪಾಸ್ ಉಂಟಾ?"

ಅಷ್ಟರಲ್ಲಿ ಗಂಟೆ ಹೊಡೆಯಿತು. ಬಾರಿಸಿದ ದ್ಯಾಮಪ್ಪ ಓಡಿಬಂದು ತೊಲೆಯ ಮುಂದೆ ಕೈ ಅಡ್ಡ ಹಿಡಿದು ನಿಂತ.

"ಇಬ್ರೂ ಅಲ್ಲೇ ನಿಲ್ರಿ" ಅಂದರು ಮಾಸ್ತರರು. "ಮಕ್ಕಳು ದಾಟಲಿ, ಆಮೇಲೆ ಇವರನ್ನ ಫಾರೆಸ್ಟ್ ಕಚೇರಿಗೆ ಕರ್ಕೊಂಡು ಹೋಗ್ರಂತ."