ಟ್ಯಾಬ್ಲೆಟ್ಟಿಗೊಂದು ಕೋರಂ

ಗಿರಣಿಯವರು ನನಗೆ ಹದಿನಾಲ್ಕು ತಿಂಗಳ ಸಂಬಳ ಕೊಡಬೇಕು. ನನ್ನ ಹೆಂಡತಿಗೂ ಅಷ್ಟೇ ಕೊಡಬೇಕು. ಗಿರಣಿಗೆ ಬೀಗ ಬಿದ್ದು ಒಂಬತ್ತು ವರ್ಷವಾಯಿತು. ಪ್ರತಿ ತಿಂಗಳ ಮೊದಲ ಸೋಮವಾರ ಅದೇ ತುಕ್ಕು ಹಿಡಿದ ಗೇಟಿನ ಮುಂದೆ ನಿಂತು ಕೂಗುತ್ತೇವೆ. ಒಳಗಿನಿಂದ ಇದುವರೆಗೆ ಉತ್ತರ ಕೊಟ್ಟದ್ದು ಕಾವಲಿನ ನಾಯಿ ಒಂದೇ. ಅದೂ ಕಳೆದ ವರ್ಷ ಸತ್ತಿತು.

ಆ ಬಾಕಿಯ ವಿಷಯ ಕೋರ್ಟಿನಲ್ಲಿದೆ, ಇರಲಿ. ನಾನೇ ಇಟ್ಟುಕೊಂಡ ಬಾಕಿಯೊಂದಿದೆ. ಅದಕ್ಕೆ ಕೋರ್ಟಿಲ್ಲ.

ಇದೆಲ್ಲ ಶುರುವಾದದ್ದು ನನ್ನ ಹೆಂಡತಿಯ ಗಂಟಲಿನಿಂದ. ಆರು ತಿಂಗಳಿಂದ ದನಿ ಗೊರಗೊರ ಅನ್ನುತ್ತಿತ್ತು. ಡಾಕ್ಟರು ಬಾಯೊಳಗೆ ಕೊಳವೆ ಬಿಟ್ಟು ನೋಡಿ, "ಬೀಡಿ, ತಂಬಾಕು ಏನಾದ್ರೂ?" ಎಂದು ಕೇಳಿದರು.

"ಇಲ್ಲ ಡಾಕ್ಟ್ರೇ, ಬರೀ ಧಿಕ್ಕಾರ" ಎಂದಳು.

ಡಾಕ್ಟರು ನಗಲಿಲ್ಲ. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಜೀವ ಉಳಿಯುತ್ತದೆ, ಮಾತು ಉಳಿಯುವುದಿಲ್ಲ ಎಂದರು. ಮೂರು ವಾರದ ನಂತರದ ಒಂದು ತಾರೀಕು ಕೊಟ್ಟರು.

ಅದೇ ಆಸ್ಪತ್ರೆಯಲ್ಲಿ ಮಾತು ಕಲಿಸುವ ಮೇಡಂ ಒಬ್ಬರಿದ್ದಾರೆ. ಅವರು ನಮ್ಮನ್ನು ಕೂರಿಸಿಕೊಂಡು ಬಿಡಿಸಿ ಹೇಳಿದರು. ಒಂದು ಟ್ಯಾಬ್ಲೆಟ್ಟು ತಗೊಳ್ಳಿ, ನೂಲು ಸುತ್ತಿ ದಪ್ಪವಾದ ಈ ಬೆರಳಿಗೆ ಫೋನಿನ ಗುಂಡಿ ಸಣ್ಣದಾಗುತ್ತದೆ. ದಿನಾ ಆಡುವ ಮಾತುಗಳನ್ನು ಆಪರೇಷನ್ನಿಗೆ ಮುಂಚೆಯೇ ಈ ಅಮ್ಮನ ದನಿಯಲ್ಲೇ ಅದರೊಳಗೆ ತುಂಬಿಡಿ. ಆಮೇಲೆ ಗುಂಡಿ ಒತ್ತಿದರೆ ಅವರದೇ ದನಿ ಬರುತ್ತದೆ. ತುಂಬದೆ ಬಿಟ್ಟ ಮಾತನ್ನು ಟೈಪು ಮಾಡಿದರೂ ಯಂತ್ರ ಓದುತ್ತದೆ, ಆದರೆ ಆ ದನಿ ಬೇರೆಯವರದು. "ಟ್ಯಾಬ್ಲೆಟ್ಟು ಬರೋದು ತಡ ಆದ್ರೆ ಸದ್ಯಕ್ಕೆ ಯಾವ ಫೋನಲ್ಲಾದ್ರೂ ಹಿಡಿದಿಟ್ಕೊಳ್ಳಿ" ಎಂದೂ ಹೇಳಿದರು. ಅದನ್ನೂ ಬರೆದುಕೊಂಡೆ. ನಾನು ಬರೆದುಕೊಳ್ಳದೆ ಬಿಟ್ಟದ್ದು ಯಾವುದೂ ಇಲ್ಲ.

ಇಲ್ಲಿ ನಮ್ಮ ಮನೆಯ ಸಂವಿಧಾನದ ಬಗ್ಗೆ ಹೇಳಬೇಕು. ದೊಡ್ಡ ಮುಷ್ಕರದ ವರ್ಷ ಸಂಘದ ಖಜಾಂಚಿ ಯಾರನ್ನೂ ಕೇಳದೆ ಒಂದು ಮೈಕ್ ಸೆಟ್ಟು ತಂದ. ಅದು ಮೂರನೇ ದಿನಕ್ಕೆ ಗೊಟಕ್ ಎಂದಿತು. ಎರಡು ಸಾವಿರ ಜನ ಬಾಯಿ ತೆರೆದು ನಿಂತಿದ್ದಾಗ ನೂಲು ಸುತ್ತುವ ವಿಭಾಗದ ಹೆಂಗಸೊಬ್ಬಳು ಡ್ರಮ್ಮಿನ ಮೇಲೆ ಹತ್ತಿ, "ನಮ್ಮ ಬೆವರಿನ ಬಾಕೀ..." ಎಂದು ಎಳೆದಳು. "ಕೊಟ್ಟೇ ಹೋಗಿ!" ಎಂದು ಎರಡು ಸಾವಿರ ಗಂಟಲು ಒಟ್ಟಿಗೆ ಒದರಿತು. ಅವತ್ತಿನಿಂದ ಅವಳ ಹೆಸರು ಮೈಕಕ್ಕ. (ಆಗಲೇ ನನ್ನ ಹೆಂಡತಿಯಾಗಿದ್ದಳು. ಇಲ್ಲದಿದ್ದರೆ ಮದುವೆಗೆ ಕೇಳುವ ಧೈರ್ಯ ನನಗೆ ಬರುತ್ತಿರಲಿಲ್ಲ.) ಅದೇ ವಾರ ಸಂಘ ಒಂದು ನಿಯಮ ಮಾಡಿತು: ಸಾವಿರ ರೂಪಾಯಿ ಮೀರಿದ ಯಾವ ಖರೀದಿಗೂ ಮೂರು ಸಭೆ ನಡೆಯಬೇಕು, ಮೂರಕ್ಕೂ ಕೋರಂ ಇರಬೇಕು. ಅಂದರೆ ಬರಬೇಕಾದವರು ಬಂದಿರಬೇಕು, ಇಲ್ಲದಿದ್ದರೆ ಸಭೆ ಮುಂದಕ್ಕೆ. ಕಾರ್ಯದರ್ಶಿಯಾಗಿದ್ದ ನಾನು ಆ ನಿಯಮವನ್ನು ಮನೆಗೂ ತಂದೆ. ಸಂಘ ಮುಳುಗಿದ ಮೇಲೂ ನಿಯಮ ನಮ್ಮ ಮನೆಯಲ್ಲಿ ತೇಲುತ್ತಾ ಉಳಿಯಿತು. ಮೂರು ಸಭೆ ದಾಟಿ ನಮ್ಮ ಮನೆಗೆ ಮಂಚ ಬಂದಾಗ ಮಗಳಿಗೆ ನಾಲ್ಕು ವರ್ಷ.

ಮಗಳು ಈಗ ಬಸ್ ಕಂಡಕ್ಟರ್. ಮನೆಯ ಸಭೆಗೆ ಅಧ್ಯಕ್ಷ ನಾನು, ಕಾರ್ಯದರ್ಶಿ ನಾನು, ಸದಸ್ಯರು ಅವರಿಬ್ಬರು. ನಡಾವಳಿ ತಪ್ಪಿಲ್ಲದೆ ಬರೆಯಲು ನನ್ನ ಫೋನಿನಲ್ಲಿ ಸಭೆಯನ್ನು ಪೂರ್ತಿ ರೆಕಾರ್ಡು ಮಾಡುತ್ತೇನೆ. ಗಿರಣಿಯ ಆಡಳಿತ ಮಂಡಳಿ 'ಹಾಗೆ ಹೇಳಲೇ ಇಲ್ಲ' ಎಂದು ಉಲ್ಟಾ ಹೊಡೆದದ್ದನ್ನು ಬೇಕಾದಷ್ಟು ಕಂಡವನು ನಾನು.

ಮೊದಲ ಸಭೆ ಅಡುಗೆಮನೆಯಲ್ಲೇ ಆಯಿತು.

"ಟ್ಯಾಬ್ಲೆಟ್ಟು ಬೇಕೋ ಬೇಡವೋ ಅನ್ನೋದರ ಸಾಧಕ ಬಾಧಕಗಳನ್ನ..." ಎಂದು ಶುರು ಮಾಡಿದೆ.

"ಒಂದು ಸ್ಲೇಟು ತಂದುಕೊಡಿ ಸಾಕು" ಎಂದಳು. "ಅದಕ್ಕೆ ಚಾರ್ಜೂ ಬೇಡ, ಕರೆಂಟೂ ಬೇಡ. ಬಿದ್ರೆ ಹದಿನೈದು ರೂಪಾಯಿ ಹೋಗುತ್ತೆ, ಅಷ್ಟೇ."

"ಸ್ಲೇಟಿಗೆ ದನಿ ಇಲ್ಲಮ್ಮಾ" ಎಂದಳು ಮಗಳು. "ಅಪ್ಪ ಆ ಕಡೆ ತಿರುಗಿ ಪೇಪರ್ ಓದ್ತಿದ್ರೆ ಏನು ಮಾಡ್ತೀಯ?"

"ಸ್ಲೇಟಿನಿಂದಾನೇ ಒಂದು ಕುಟ್ತೀನಿ."

"ಸದಸ್ಯರು ಅಧ್ಯಕ್ಷರನ್ನು ಉದ್ದೇಶಿಸಿ ಮಾತಾಡಬೇಕು" ಎಂದು ಸ್ಟೀಲ್ ಲೋಟವನ್ನು ಚಮಚದಿಂದ ಬಡಿದೆ. (ಇದೇ ನಮ್ಮ ಸಭೆಯ ಗಂಟೆ.) ಮಧ್ಯೆ ಅವಳು, "ಹಾಲು ಉಕ್ತಿದೆ, ಓಡ್ರೋ!" ಎಂದು ಪಕ್ಕದ ಬೀದಿಗೆ ಕೇಳುವಂತೆ ಕೂಗಿದಳು. ಗೊರಗೊರ ಇದ್ದರೂ ಅಂಥ ಹೊತ್ತಿನಲ್ಲಿ ಆ ಗಂಟಲು ಗೇಟಿನ ಗಂಟಲೇ. ಹಾಲು ಸ್ಟವ್ ಪಾಲಾಯಿತು. ಮಾರುಕಟ್ಟೆ ಅಧ್ಯಯನಕ್ಕೆ ಉಪಸಮಿತಿ ನೇಮಿಸಲು ತೀರ್ಮಾನವಾಯಿತು. ಉಪಸಮಿತಿಯೂ ನಾನೇ.

ಒಂದು ವಾರ ಅಂಗಡಿ ಅಂಗಡಿ ಅಲೆದೆ. ಎಷ್ಟು ಇಂಚು, ಎಷ್ಟು ಗಂಟೆ ಬ್ಯಾಟರಿ, ಬಿದ್ದರೆ ಒಡೆಯುತ್ತದೋ ಹೇಗೆ ಎಂದೆಲ್ಲ ವಿಚಾರಿಸಿದೆ. ಅಲ್ಲಿಗೆ ನಿಲ್ಲಿಸಿದ್ದರೆ ನಾನು ನಾನಾಗುತ್ತಿರಲಿಲ್ಲ. ಇದನ್ನು ಜೋಡಿಸುವ ಕಾರ್ಮಿಕರಿಗೆ ಓಟಿ ಕೊಡುತ್ತಾರಾ, ಅವರಿಗೆ ಸಂಘವಿದೆಯಾ, ಹೆಂಗಸರಿಗೆ ಸಮಾನ ಕೂಲಿ ಉಂಟಾ ಎಂದೂ ಕೇಳಿದೆ. ಮೂರನೇ ಅಂಗಡಿಯವನು ಕೈ ಮುಗಿದು, "ಅಣ್ಣಾ, ನೀವು ಟ್ಯಾಬ್ಲೆಟ್ ತಗೊಳ್ತೀರೋ, ಇಲ್ಲ ಅದರ ಮನೆತನಕ್ಕೆ ಹೆಣ್ಣು ಕೊಡ್ತೀರೋ?" ಎಂದ.

ಎರಡನೇ ಸಭೆಯಲ್ಲಿ ಹನ್ನೊಂದು ಪುಟದ ವರದಿ ಓದಿದೆ. ಆರನೇ ಪುಟಕ್ಕೆ ಮಗಳು, "ಅಪ್ಪಾ, ಮುಂದೆ ಹೋಗು, ಮುಂದೆ ಹೋಗು, ಒಳಗೆ ಖಾಲಿ ಇದೆ" ಎಂದಳು. ಎಂಟನೇ ಪುಟಕ್ಕೆ ಹೆಂಡತಿ ಸೆರಗಿನಿಂದ ಏನೋ ಕಾಗದ ತೆಗೆದು, "ಅಲ್ಲ, ನಾನು ಹೇಳೋದು ಏನಂದ್ರೆ..." ಎಂದಳು.

ಟಣ್! ಟಣ್! "ವರದಿ ಮುಗಿಯೋವರೆಗೆ ಅಡ್ಡಿ ಮಾಡಬಾರದು."

ಕಾಗದ ಮತ್ತೆ ಸೆರಗಿಗೆ ಹೋಯಿತು. ವರದಿ ಮುಗಿಯುವ ಹೊತ್ತಿಗೆ ಮಗಳ ಪಾಳಿಗೆ ಹೊತ್ತಾಗಿ ಕೋರಂ ಮುರಿಯಿತು. ಕಾರ್ಯಸೂಚಿಯ ಕೊನೆಯ ಅಂಶ 'ಇತರ ವಿಷಯಗಳು' ಹಾಗೇ ಉಳಿಯಿತು. ಸದ್ಯಕ್ಕೆ ಫೋನಿನಲ್ಲಿ ಹಿಡಿದಿಡಿ ಎಂದು ಮೇಡಂ ಹೇಳಿದ ಮಾತನ್ನು ನಾನು ಬರೆದಿಟ್ಟದ್ದು ಅದರ ಕೆಳಗೆ.

ಮೂರನೇ ಸಭೆ ಗುರುವಾರಕ್ಕೆ ಗೊತ್ತಾಗಿತ್ತು. ಮಗಳ ಪಾಳಿ ಬದಲಾಗಿ ಶನಿವಾರಕ್ಕೆ ಹೋಯಿತು. ಶನಿವಾರ ಬಸ್ಸು ಕೆಟ್ಟು ಅವಳು ಇಪ್ಪತ್ತು ಮೈಲಿಯಾಚೆ ನಿಂತಳು. ಹೆಂಡತಿ, "ಇಬ್ಬರೇ ಮಾಡ್ಕೊಳ್ಳೋಣ ರೀ" ಎಂದಳು. ನಾನು ನಿಯಮ ಓದಿ ಹೇಳಿದೆ. ಸೋಮವಾರ ಎಂದು ಬರೆದೆ. ಸೋಮವಾರ ಬೆಳಿಗ್ಗೆ ಆಸ್ಪತ್ರೆಯಿಂದ ಫೋನು ಬಂತು. ಯಾರದೋ ಆಪರೇಷನ್ ರದ್ದಾಗಿ ಜಾಗ ಖಾಲಿಯಾಗಿದೆ, ಕಾಯಿಲೆ ಕಾಯುವಂಥದ್ದಲ್ಲ, ಈಗಲೇ ಹೊರಟು ಬನ್ನಿ ಎಂದರು.

ಹೊರಡುವ ಒಂದು ಗಂಟೆಯಲ್ಲಿ ಅವಳು ತನ್ನ ದನಿಯನ್ನು ಯಾವುದಕ್ಕೆ ಖರ್ಚು ಮಾಡಿದಳು ಎಂದು ಕೇಳಿ. "ಗ್ಯಾಸ್ ಆರಿಸಿ. ನೀರು ಬಂದ್ರೆ ಡ್ರಮ್ಮು ತುಂಬಿಸಿ. ಹಸಿರು ಡಬ್ಬದಲ್ಲಿರೋದು ಉಪ್ಪು, ಸಕ್ಕರೆ ಅಲ್ಲ." ಫೋನು ನನ್ನ ಜೇಬಿನಲ್ಲೇ ಇತ್ತು. ತೆಗೆಯಬೇಕೆಂದು ಹೊಳೆಯಲಿಲ್ಲ. ಸಭೆಯಾಗಿದ್ದರೆ ಹೊಳೆಯುತ್ತಿತ್ತು.

ಮಗಳು ಯೂನಿಫಾರ್ಮಿನಲ್ಲೇ ನೇರ ಆಸ್ಪತ್ರೆಗೆ ಓಡಿಬಂದಳು. ಚಕ್ರದ ಮಂಚ ಬಾಗಿಲ ಹತ್ತಿರ ನಿಂತಿತ್ತು. ಅದರ ಮೇಲೆ ಹಸಿರು ಬಟ್ಟೆಯಲ್ಲಿ ಮಲಗಿದ್ದವಳು ನಮ್ಮಿಬ್ಬರನ್ನೂ ನೋಡಿ, "ಮೂರು ಜನ ಆದ್ವಿ. ಕೋರಂ ಇದೆ. ನಡೆಸಿ ನಿಮ್ಮ ಸಭೆ" ಎಂದಳು.

ಮೂವತ್ತಾರು ವರ್ಷ ಬಾಯಿ ಮುಚ್ಚದ ನಾನು ಬಡಿಯಲು ಲೋಟ, ಚಮಚ ಹುಡುಕುತ್ತಾ ನಿಂತೆ.

"ಅಧ್ಯಕ್ಷರು ಸುಮ್ಮನಿದ್ದಾರೆ" ಎಂದಳು. "ಹಾಗಾದ್ರೆ ಪಾಸು."

ಬಾಗಿಲು ಮುಚ್ಚಿತು. ಫೋನು ಆರಿಸಿಡಿ ಎಂದು ಗೋಡೆಯ ಮೇಲೆ ಬರೆದಿತ್ತು. ನಾವು ನಿಯಮ ಪಾಲಿಸುವ ಜನ, ಆರಿಸಿದ್ದೆವು.

ಮರುದಿನ ಹೋಗಿ ಟ್ಯಾಬ್ಲೆಟ್ಟು ತಂದೆ. ಸಭೆಯಿಲ್ಲ, ವರದಿಯಿಲ್ಲ. ಎಷ್ಟು ಇಂಚು ಎಂದೂ ಕೇಳಲಿಲ್ಲ.

ಈಗ ಅವಳ ಕತ್ತಿನಲ್ಲಿ ಉಸಿರಾಡಲು ತೂತಿದೆ, ತೊಡೆಯ ಮೇಲೆ ಟ್ಯಾಬ್ಲೆಟ್ಟು ಇದೆ. ಅವಳು 'ನೀರು' ಎಂದು ಒತ್ತಿದರೆ ಒಳಗಿರುವ ಯಾರೋ ಸಣ್ಣ ವಯಸ್ಸಿನವಳು, ಹಲ್ಲುನೋವೇ ಕಾಣದವಳಂತೆ, "ದಯವಿಟ್ಟು ನನಗೆ ನೀರನ್ನು ಕೊಡಿ" ಎನ್ನುತ್ತಾಳೆ. ನನ್ನ ಹೆಂಡತಿ ನನಗೆ ದಯವಿಟ್ಟು ಎಂದವಳೇ ಅಲ್ಲ. ಮೊದಲ ಸಲ ಕೇಳಿದಾಗ ಮನೆಗೆ ಯಾರೋ ನೆಂಟರು ಬಂದರೆಂದು ಅಂಗಿ ಹಾಕಿಕೊಂಡು ಹೊರಗೆ ಬಂದೆ. ಅವಳು ಹೊಟ್ಟೆ ಹಿಡಿದು ನಕ್ಕಳು. ಸದ್ದೇ ಇಲ್ಲ. ಹೆಗಲು ಮಾತ್ರ ಕುಣಿಯಿತು. ನಾನು ಅಂಗಿ ಕಳಚಲು ಒಳಗೆ ಹೋದೆ.

ನಡಾವಳಿಗಾಗಿ ಮಾಡಿದ ರೆಕಾರ್ಡು ನೆನಪಾದದ್ದು ಮಗಳಿಗೆ. ಎರಡು ಸಭೆ, ಒಟ್ಟು ಎರಡು ಗಂಟೆ ಹತ್ತು ನಿಮಿಷ. ಕೂತು ಕೇಳಿದೆವು. ಎರಡು ಗಂಟೆ ನಾನೇ. ನನ್ನ ದನಿ ಇಷ್ಟು ಕೆಟ್ಟದಾಗಿದೆಯೆಂದು ಇಷ್ಟು ವರ್ಷ ಯಾರೂ ಹೇಳಿರಲಿಲ್ಲ. ಅವಳು ಬಾಯಿ ತೆರೆದಲ್ಲೆಲ್ಲ ಟಣ್ ಎನ್ನುತ್ತದೆ. ಮಗಳು ಹೆಕ್ಕಿ ಹೆಕ್ಕಿ, ಟಣ್ ಇಲ್ಲದ ನಾಲ್ಕು ತುಂಡು ತೆಗೆದು ನಾಲ್ಕು ಗುಂಡಿಗೆ ಹಾಕಿದಳು: "ಆಯ್ತಾ ನಿಮ್ಮದು?" "ಸ್ಲೇಟಿನಿಂದಾನೇ ಒಂದು ಕುಟ್ತೀನಿ." "ಹಾಲು ಉಕ್ತಿದೆ, ಓಡ್ರೋ!" ನಾಲ್ಕನೆಯದು, "ನಾನು ಹೇಳೋದು ಏನಂದ್ರೆ..."

"ಏನು ಹೇಳೋಕೆ ಹೊರಟಿದ್ದೆ ಅವತ್ತು?" ಎಂದು ಕೇಳಿದೆ.

ಎದ್ದು ಹೋಗಿ ಹಸಿರು ಡಬ್ಬದ ಕೆಳಗಿನಿಂದ ಮಡಿಸಿದ ಕಾಗದ ತಂದಳು. ಹಳೆಯ ಕರಪತ್ರದ ಹಿಂಬದಿ. ನಲವತ್ತೊಂದು ಮಾತು, ಅಂಕಿ ಹಾಕಿ ಬರೆದಿದ್ದಳು. ಟ್ಯಾಬ್ಲೆಟ್ಟಿಗೆ ತನ್ನ ದನಿಯಲ್ಲಿ ತುಂಬಬೇಕೆಂದುಕೊಂಡವು. ಮೊದಲನೆಯದು, 'ಊಟಕ್ಕೆ ಬನ್ನಿ.' ಏಳನೆಯದು, ಮಗಳನ್ನು ಚಿಕ್ಕಂದಿನಲ್ಲಿ ಕರೆಯುತ್ತಿದ್ದ ಹೆಸರು. ಕೊನೆಯದು, 'ನಮ್ಮ ಬೆವರಿನ ಬಾಕೀ...' ಮುಂದೆ ಚುಕ್ಕಿ ಚುಕ್ಕಿ. ಉಳಿದದ್ದು ಜನ ಹೇಳಬೇಕಲ್ಲ. ಸ್ಲೇಟು ಸಾಕು ಎಂದವಳು ಒಳಗೊಳಗೇ ಟ್ಯಾಬ್ಲೆಟ್ಟಿಗೆ ಓಟು ಹಾಕಿಯಾಗಿತ್ತು. ನಾನು ಎಣಿಸಲಿಲ್ಲ.

ಕಳೆದ ಸೋಮವಾರ ಅವಳೂ ಗೇಟಿಗೆ ಬಂದಳು. ಈಗ ನಾವು ಉಳಿದಿರುವುದು ಅರವತ್ತು ಜನ. ಘೋಷಣೆ ಹಾಕುವ ಹೊಣೆ ನಾನೇ ಹೊತ್ತು ಡ್ರಮ್ಮು ಹತ್ತಿದೆ. "ನಮ್ಮ ಬೆವರಿನ ಬಾಕಿ!" ಎಂದೆ. ಹಿಂದಿನಿಂದ ಯಾರೋ ಕೆಮ್ಮಿದರು. ಟ್ಯಾಬ್ಲೆಟ್ಟನ್ನು ಎತ್ತಿ ಹಿಡಿದು ಅದರೊಳಗಿನ ಆ ಹುಡುಗಿಯಿಂದ ಹೇಳಿಸಿದೆ. ಬಸ್ಸು ಎರಡನೇ ಅಂಕಣಕ್ಕೆ ಬರಲಿದೆ ಎನ್ನುವ ಧಾಟಿಯಲ್ಲಿ, "ನಮ್ಮ ಬೆವರಿನ ಬಾಕಿ" ಎಂದಳು. ಗೇಟಿನ ಕಾವಲುಗಾರನೇ ನಕ್ಕ. ನಾನು ಬಿಡಲಿಲ್ಲ, ಭಾಷಣಕ್ಕೆ ಶುರುವಿಟ್ಟೆ.

ಅವಳು ಟ್ಯಾಬ್ಲೆಟ್ಟು ಕಿತ್ತುಕೊಂಡಳು. 'ಆಯ್ತಾ ನಿಮ್ಮದು' ಒತ್ತಲು ಹೋದ ದಪ್ಪ ಬೆರಳು ಪಕ್ಕದ ಗುಂಡಿಗೆ ಬಿತ್ತು.

"ಹಾಲು ಉಕ್ತಿದೆ, ಓಡ್ರೋ!"

ಅರವತ್ತು ತಲೆ ಒಟ್ಟಿಗೆ ತಿರುಗಿದವು. ಆ ದನಿಗೆ ಏನುತ್ತರ ಕೊಡಬೇಕೆಂದು ಆ ಗಂಟಲುಗಳಿಗೆ ಗೊತ್ತಿತ್ತು, ಮಾತು ಯಾವುದಾದರೇನು. "ಕೊಟ್ಟೇ ಹೋಗಿ!" ಎಂದು ಗೇಟು ನಡುಗುವಂತೆ ಒದರಿದರು. ಅವಳು ಮತ್ತೆ ಒತ್ತಿದಳು. ಮತ್ತೆ ಒದರಿದರು. ಅರ್ಧ ಗಂಟೆ ನಮ್ಮ ಚಳವಳಿ ಉಕ್ಕಿದ ಹಾಲಿನ ಮೇಲೆ ನಡೆಯಿತು. ಡ್ರಮ್ಮಿನಿಂದ ಇಳಿದ ನನ್ನನ್ನು ಯಾರೂ ಗಮನಿಸಲಿಲ್ಲ.

ಈಗ ನಿಮ್ಮ ಹತ್ತಿರ ಬರುತ್ತೇನೆ. ಹೌದು, ಓದುತ್ತಿರುವ ನಿಮ್ಮ ಹತ್ತಿರವೇ. ಆ ಗೇಟಿನ ಮುಂದೆ ನೀವೋ, ನಿಮ್ಮ ಅಪ್ಪನೋ, ದೊಡ್ಡಮ್ಮನೋ ನಿಂತಿದ್ದವರೇ. ಅವಳ ಘೋಷಣೆ ತುಂಬಿಕೊಳ್ಳಲು ಕ್ಯಾಸೆಟ್ಟು ತಂದವರಿದ್ದರು, ಮದುವೆ ವಿಡಿಯೋದವನನ್ನು ಕರೆತಂದವರಿದ್ದರು, ಆಮೇಲೆ ಫೋನು ಎತ್ತಿ ಹಿಡಿದವರಿದ್ದರು. ಹದಿನೆಂಟು ವರ್ಷ ಅವಳು ನಿಮ್ಮೆಲ್ಲರ ಪರವಾಗಿ ಕೂಗಿದಳು, ಅದಕ್ಕೆ ಒಂದು ಪೈಸೆ ಸಂಬಳವಿರಲಿಲ್ಲ. ನಿಮ್ಮ ಅಟ್ಟದಲ್ಲೋ, ಹಳೇ ಟ್ರಂಕಿನಲ್ಲೋ, ಕೆಟ್ಟ ಫೋನಿನೊಳಗೋ ಆ ದನಿ ಬಿದ್ದಿದೆ. ಅದು ನಿಮ್ಮದಲ್ಲ, ಅವಳ ಬಾಕಿ. ನಲವತ್ತೊಂದನೆಯ ಮಾತು ಒಂದಾದರೂ ಅವಳ ಬೆರಳಿಗೆ ಸಿಗಬೇಕು. ಸಭೆ ಕರೆಯಬೇಡಿ, ಉಪಸಮಿತಿ ಮಾಡಬೇಡಿ. ಏಳಿ, ಅಟ್ಟ ಹತ್ತಿ, ಹುಡುಕಿ. ಬರುವ ತಿಂಗಳ ಮೊದಲ ಸೋಮವಾರ ಗೇಟಿಗೆ ತಂದು ಕೊಡಿ.